ಬ್ಯಾಟರಿ ತಾನಾಗಿ ಸಾಯೋದಿಲ್ಲ, ನಾವೇ ಸಾಯಿಸ್ತೀವಿ

ಕಳೆನಾಶಕ ಬೇಡ ಅಂತ ಅಡಿಕೆ ತೋಟಕ್ಕೆ ಬ್ಯಾಟರಿಯ ಹುಲ್ಲು ಹೊಡೆಯೋ ಮಷಿನ್ ತಂದೆ. ಎರಡನೇ ವರ್ಷವೇ ಬ್ಯಾಟರಿ ಕೈಕೊಟ್ಟಿತು. ಕಂಪನಿಯವರನ್ನು ಬೈದುಕೊಂಡೆ. ಆಮೇಲೆ ಗೊತ್ತಾಯ್ತು, ತಪ್ಪು ನನ್ನದೇ. ಬೇಸಿಗೆಯಲ್ಲಿ ಹುಲ್ಲಿಲ್ಲ ಅಂತ ಖಾಲಿ ಬ್ಯಾಟರಿಯನ್ನು ನಾಲ್ಕು ತಿಂಗಳು ತಗಡಿನ ಶೆಡ್ಡಿನಲ್ಲಿ ಬಿಟ್ಟಿದ್ದೆ. ತೋಟಗಾರಿಕೆ ಪದವಿಯಲ್ಲಿ ಈ ಪಾಠ ಇರಲಿಲ್ಲ!

ಲಿಥಿಯಂ ಬ್ಯಾಟರಿಗೆ ಅತಿಯಾದ ಬಿಸಿ ಆಗಿಬರೋದಿಲ್ಲ, ಪೂರ್ತಿ ಖಾಲಿ ಬಿಡೋದೂ ಆಗೋದಿಲ್ಲ. ಕೆಲಸ ಮುಗಿದ ತಕ್ಷಣ ಚಾರ್ಜಿಗೆ ಹಾಕಬೇಡಿ, ಮೊದಲು ತಣ್ಣಗಾಗಲಿ. ಮಷಿನ್ ಸೋಲುತ್ತಿದ್ದಂತೆ ನಿಲ್ಲಿಸಿಬಿಡಿ. ತಿಂಗಳುಗಟ್ಟಲೆ ಬಳಸೋದಿಲ್ಲ ಅಂದ್ರೆ ಸುಮಾರು ಅರ್ಧ ಚಾರ್ಜ್ ಇರುವಾಗ ಕಳಚಿ, ಮನೆಯೊಳಗೆ ತಂಪಾದ, ಒಣ ಜಾಗದಲ್ಲಿಡಿ. ಆಗಾಗ ಚಾರ್ಜ್ ಎಷ್ಟಿದೆ ನೋಡ್ತಾ ಇರಿ.

ಬೆನ್ನಿಗೆ ಹಾಕುವ ಸ್ಪ್ರೇಯರ್‌ಗಳಲ್ಲಿ ಬರೋ 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿಯ ಲೆಕ್ಕ ಉಲ್ಟಾ. ಅದನ್ನು ಪೂರ್ತಿ ಚಾರ್ಜ್ ಮಾಡಿಯೇ ಇಡಬೇಕು. ಒಂದರ ಚಾರ್ಜರ್ ಇನ್ನೊಂದಕ್ಕೆ ಹಾಕಲೇಬೇಡಿ.

ಇದನ್ನೆಲ್ಲ ಮಾರುವವರೇ ಹೇಳಬೇಕು ಅನ್ನೋದು ನನ್ನ ವಾದ. ಹೇಳದಿದ್ದರೆ ನಾವೇ ಕೇಳಬೇಕು, ಯಾಕಂದ್ರೆ ಹೊಸ ಬ್ಯಾಟರಿಯ ದುಡ್ಡು ಹೋಗೋದು ನಮ್ಮ ಜೇಬಿನಿಂದ. ಇವತ್ತೇ ಶೆಡ್ಡಿಗೆ ಹೋಗಿ, ನಿಮ್ಮ ಬ್ಯಾಟರಿ ಹೇಗಿದೆ ನೋಡಿ.