ನೆರೆಹೊರೆ: ಗೇಟಿನ ಹೊರಗೆ ನಿಂತ ಹಿರಿಯರು



ನಮ್ಮ ಕಲ್ಯಾಣ ಬಸವಣ್ಣನವರ ಕಲ್ಯಾಣವಲ್ಲ, ಲೋಕಲ್ ಗಾಡಿಯ ಕಲ್ಯಾಣ. ಇಲ್ಲಿ ವಾರದ ಆರು ದಿನ ಯಾರಿಗೂ ಪುರಸೊತ್ತಿಲ್ಲ. ಉಳಿದ ಒಂದು ಭಾನುವಾರ ಯಾವುದಾದರೂ ಚರ್ಚಿನ ಮುಂದೆ ಹಾದುಹೋದರೆ ಒಂದು ನೋಟ ಕಾಣುತ್ತದೆ. ಒಳಗೆ ಮಕ್ಕಳಿಗೆ ಧರ್ಮಬೋಧೆಯ ತರಗತಿ ನಡೆದಿರುತ್ತದೆ. ಹೊರಗೆ ಗೇಟಿನ ಬಳಿ ಸ್ಕೂಟರಿಗೆ ಒರಗಿಕೊಂಡು ತಂದೆತಾಯಿಗಳು ಕಾಯುತ್ತಿರುತ್ತಾರೆ. ಇದು ಚರ್ಚಿನ ಮಾತು ಮಾತ್ರವಲ್ಲ. ಶ್ಲೋಕದ ಪಾಠವಿರಲಿ, ಸಂಗೀತದ ಪಾಠವಿರಲಿ, ನಮ್ಮ ಸಂಘದ ಕನ್ನಡ ತರಗತಿಯೇ ಇರಲಿ, ಕಲಿಯುವವರು ಮಕ್ಕಳು, ಕಾಯುವವರು ನಾವು.

ಆ ಗೇಟನ್ನು ದಾಟಿ ಒಳಗೆ ಹೋದ ಒಬ್ಬರ ವಿಷಯವನ್ನು ಈ ಸಲ ಹೇಳಬೇಕೆಂದಿದ್ದೇವೆ.

ಅವರು ನಮ್ಮ ಕಟ್ಟಡದಲ್ಲಿಯೇ ಇರುವವರು. ಮೂಲ ಉಡುಪಿಯ ಕಡೆ. ಬಾಸೆಲ್ ಮಿಶನ್ ಪರಂಪರೆಯ ಮನೆತನ. ಅವರ ತಾಯಿ ದಿನವೂ ಸಂಜೆ ಕಿಟಕಿಯ ಬಳಿ ಕೂತು ಸತ್ಯವೇದ ಓದುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಕನ್ನಡ ಬೈಬಲಿಗೆ ಹಳಬರು ಹೇಳುವ ಹೆಸರು ಅದು. ಎರಡು ವರ್ಷಗಳ ಹಿಂದೆ ಆ ತಾಯಿ ತೀರಿಕೊಂಡರು. ಪುಸ್ತಕ ಉಳಿಯಿತು. ಅದರ ಅಂಚುಗಳ ತುಂಬ ಪೆನ್ಸಿಲಿನ ಸಣ್ಣ ಬರಹ.

ಒಂದು ದಿನ ಮಗಳು ಅದನ್ನು ತೆರೆದು ತೋರಿಸಿ, "ಪಪ್ಪಾ, ಅಜ್ಜಿ ಇಲ್ಲಿ ಏನು ಬರೆದಿದ್ದಾರೆ?" ಎಂದು ಕೇಳಿದಳು. ಕಲ್ಯಾಣದಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದ ತಂದೆಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು.

"ಅಕ್ಷರ ಬಾರದ್ದು ಅರ್ಧ ನಾಚಿಕೆ," ಎಂದರು ಅವರು ನಮ್ಮೊಡನೆ. "ಆ ಪುಟವನ್ನೇ ಇಂಗ್ಲಿಷಿನಲ್ಲಿ ಓದಿಕೊಂಡೆ. ಅದನ್ನು ಅಮ್ಮ ಯಾಕೆ ಗುರುತು ಮಾಡಿಕೊಂಡರೆಂದು ಆಗಲೂ ತಿಳಿಯಲಿಲ್ಲ. ದೃಢೀಕರಣದ ಪಾಠ ಮುಗಿದಾಗ ನನಗೆ ಹದಿನಾರು ವರ್ಷ. ನನ್ನ ಕಲಿಕೆಯೂ ಅಲ್ಲಿಗೇ ಮುಗಿದಿತ್ತು."

ಹೀಗೆ ಅವರು ತಮ್ಮ ಸಭೆಯ ಹಿರಿಯರ ಬೈಬಲ್ ಅಧ್ಯಯನಕ್ಕೆ ಹೋಗತೊಡಗಿದರು. ನಮ್ಮನ್ನೂ ಒಮ್ಮೆ ಕರೆದೊಯ್ದರು. ಹತ್ತು ಹನ್ನೆರಡು ಜನ. ಬ್ಯಾಂಕಿನವರು, ದಾದಿಯರು, ನಿವೃತ್ತರು. ಒಬ್ಬರು ಒಂದು ಭಾಗವನ್ನು ಗಟ್ಟಿಯಾಗಿ ಓದುತ್ತಾರೆ. ಇದನ್ನು ಯಾರು ಹೇಳಿದ್ದು, ಯಾರಿಗೆ, ಯಾವ ಸಂದರ್ಭದಲ್ಲಿ ಎಂಬುದನ್ನು ಮೊದಲು ವಿಚಾರಿಸುತ್ತಾರೆ. ನಮಗೆ ಇದರಿಂದೇನು ಎಂಬ ಪ್ರಶ್ನೆ ಆಮೇಲಿನದು. ನಮಗೆ ನೆನಪಾದದ್ದು ಊರಿನ ಗಮಕ ವಾಚನ. ಒಬ್ಬರು ಕುಮಾರವ್ಯಾಸನನ್ನು ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರಲ್ಲವೆ? ಅಲ್ಲಿ ಕೇಳುತ್ತಿದ್ದವರು ಮಕ್ಕಳಿಗಿಂತ ಹೆಚ್ಚಾಗಿ ಹಿರಿಯರೇ.

ಹಿರಿಯರಿಗೆ ಧರ್ಮಪಾಠ ಎಂಬುದು ಹೊಸ ವಿಚಾರವೇನಲ್ಲ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್ 1780ರಲ್ಲಿ ಭಾನುವಾರದ ಶಾಲೆ ತೆರೆದದ್ದು ಬಡಮಕ್ಕಳಿಗಾಗಿ. ಆದರೆ 1798ರಲ್ಲಿಯೇ ನಾಟಿಂಗ್‌ಹ್ಯಾಮಿನಲ್ಲಿ ದುಡಿಯುವ ಹೆಂಗಸರಿಗೆ ಬೈಬಲಿನ ಮೂಲಕ ಓದು ಕಲಿಸುವ ವಯಸ್ಕರ ಶಾಲೆ ಹುಟ್ಟಿತು. ನಮ್ಮ ನೆರೆಯ ಗೋವೆಯಲ್ಲಿ ಅದಕ್ಕೂ ಮೊದಲೇ, 1616ರಲ್ಲಿ, ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿ ಓವಿಗಳಲ್ಲಿ 'ಕ್ರಿಸ್ತಪುರಾಣ' ಬರೆದು ಅಚ್ಚು ಹಾಕಿಸಿದರು. ಪುರಾಣ ಕೇಳಿ ಬೆಳೆದ ಹಿರಿಯರಿಗೆ ಪುರಾಣದ ಧಾಟಿಯಲ್ಲಿಯೇ ಹೇಳಬೇಕೆಂಬ ವಿವೇಕ ಅದು.

ಕನ್ನಡಕ್ಕೂ ಇದರಿಂದ ಲಾಭವಾಯಿತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ದೊರೆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಅಲ್ಲಿ ಮುದ್ರಣಾಲಯ ಸ್ಥಾಪಿಸಿತು. 1843ರ 'ಮಂಗಳೂರ ಸಮಾಚಾರ'ವೂ 1894ರ ಕಿಟ್ಟೆಲ್ ನಿಘಂಟೂ ಆ ಮಿಶನಿನವರ ಶ್ರಮದ ಫಲಗಳೇ. ನಮ್ಮ ನೆರೆಯವರ ತಾಯಿಯ ಕೈಗೆ ಆ ಪುಸ್ತಕ ಬಂದುದರ ಹಿಂದೆ ಇಷ್ಟೆಲ್ಲ ಇದೆ.

ಕಥೋಲಿಕರಲ್ಲಿಯೂ ಹಿರಿಯರ ಕಲಿಕೆಗೆ ಎರಡನೆಯ ವ್ಯಾಟಿಕನ್ ಮಹಾಸಭೆ ಬಾಗಿಲು ತೆರೆಯಿತು. ಧರ್ಮಗ್ರಂಥ ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ಸಿಗಬೇಕೆಂದು 1965ರಲ್ಲಿ ಅದು ಸಾರಿತು. ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆಯುವವರಿಗೆ ಹಂತಹಂತವಾಗಿ ಬೋಧೆ ನೀಡುವ ಹಳೆಯ ಪದ್ಧತಿಯನ್ನು 1972ರಲ್ಲಿ ಮತ್ತೆ ಜಾರಿಗೆ ತಂದರು. ಇನ್ನು, ವಲಸೆ ಬಂದವರು ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ನಿದರ್ಶನ ನಮ್ಮಲ್ಲೇ ಇದೆ: ಮಲಯಾಳಿ ಸಿರೋ ಮಲಬಾರ್ ಕ್ರೈಸ್ತರಿಗಾಗಿ 1988ರಲ್ಲಿ ಕಲ್ಯಾಣದ ಹೆಸರಿನಲ್ಲಿಯೇ ಒಂದು ಧರ್ಮಪ್ರಾಂತ ಸ್ಥಾಪನೆಯಾಯಿತು.

ನಮ್ಮ ನೆರೆಯವರ ಕಥೆ ಇನ್ನೂ ಮುಗಿದಿಲ್ಲ. ಬೈಬಲ್ ಅಧ್ಯಯನ ನಡೆಯುವುದು ಇಂಗ್ಲಿಷಿನಲ್ಲಿ. ಪೆನ್ಸಿಲಿನ ಬರಹ ಇದ್ದುದು ಕನ್ನಡದಲ್ಲಿ. ಒಂದು ಭಾನುವಾರ ಅವರು ಮಗಳ ಕೈಹಿಡಿದು ನಮ್ಮ ಸಂಘದ ಕನ್ನಡ ತರಗತಿಗೂ ಬಂದರು. ಮಗಳನ್ನು ಬಿಟ್ಟುಹೋಗುತ್ತಾರೆಂದು ಎಣಿಸಿದೆವು. ಅವರೂ ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತು ಅ, ಆ ತಿದ್ದತೊಡಗಿದರು. ಮಕ್ಕಳು ನಕ್ಕರು. ಅವರೂ ನಕ್ಕರು.

ಏಳು ತಿಂಗಳ ಮೇಲೆ ಆ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ಮಗಳು ಕೇಳಿದ್ದ ಪುಟ 121ನೆಯ ಕೀರ್ತನೆಯದು. ಅದು ಯೆರೂಸಲೇಮಿಗೆ ಹೊರಟ ಯಾತ್ರಿಕರು ದಾರಿಯುದ್ದಕ್ಕೂ ಹಾಡುತ್ತಿದ್ದ ಕೀರ್ತನೆಗಳಲ್ಲಿ ಒಂದೆಂದು ತಮ್ಮ ತರಗತಿಯಲ್ಲಿ ಕಲಿತಿದ್ದರು. ಅಂಚಿನ ಬರಹವನ್ನು ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದರು: "26 ಜುಲೈ 2005. ಮಗ ಇನ್ನೂ ಬಂದಿಲ್ಲ."

ಆ ಮಳೆಯನ್ನು ನಮ್ಮಲ್ಲಿ ಮರೆತವರು ಯಾರು? ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಸುರಿದು, ಗಾಡಿಗಳೆಲ್ಲ ನಿಂತು, ಸಾವಿರಾರು ಜನ ರಾತ್ರಿಯೆಲ್ಲ ದಾರಿಯಲ್ಲಿ ಕಳೆದರು. ಇವರು ಮರುದಿನ ಹಳಿಯ ಮೇಲೆ ನಡೆದು ಮನೆ ಸೇರಿದ್ದರಂತೆ. ತಾಯಿ ಬಾಗಿಲು ತೆರೆದು, "ಕೈಕಾಲು ತೊಳಕೋ, ಊಟ ಮಾಡು" ಎಂದಿಷ್ಟೇ ಹೇಳಿದ್ದರಂತೆ.

ಅಕ್ಷರ ಒಂದು ತರಗತಿಯಿಂದ ಬಂತು, ಅರ್ಥ ಇನ್ನೊಂದರಿಂದ. ಎರಡರಲ್ಲಿ ಒಂದು ತಪ್ಪಿದ್ದರೂ ಆ ತಾಯಿಯ ರಾತ್ರಿ ಮಗನಿಗೆ ತಿಳಿಯುತ್ತಿರಲಿಲ್ಲ, ಮೊಮ್ಮಗಳಿಗಂತೂ ತಿಳಿಯುತ್ತಲೇ ಇರಲಿಲ್ಲ.

ವಾಚಕ ಬಂಧುಗಳೆ, ನಿಮ್ಮ ಮನೆಯಲ್ಲಿರುವುದು ಸತ್ಯವೇದವೋ, ಜೈಮಿನಿ ಭಾರತವೋ, ವಚನಗಳ ಕಟ್ಟೋ, ನಾವರಿಯೆವು. ಡೊಂಬಿವಲಿಯಲ್ಲಾಗಲಿ, ಠಾಣೆಯಲ್ಲಾಗಲಿ, ನವಿ ಮುಂಬಯಿಯಲ್ಲಾಗಲಿ, ಬರುವ ಭಾನುವಾರ ಮಕ್ಕಳನ್ನು ತರಗತಿಗೆ ಬಿಡಲು ಹೋದಾಗ ಸ್ಕೂಟರಿಗೆ ಬೀಗ ಹಾಕಿ ನೀವೂ ಒಳಗೆ ನಡೆಯಿರಿ. ಬೆಂಚು ಚಿಕ್ಕದಿರಬಹುದು, ಸ್ವಲ್ಪ ಸರಿದು ಕೂತರೆ ಸಾಕು.