ಹತ್ತು ಸಲ ಬರಸಿದ್ರ ಓದು ಬರತದೇನು?

ಹುಡುಗಗ ಓದ್ಲಿಕ್ಕೆ ಬರವಲ್ದು ಅಂದ್ರ ನಮ್ಮ ಮನಿಗಳೊಳಗ ಮೂರು ಔಷಧ ತಯಾರ ಇರತಾವ. ಒಂದು, ಪಾಠ ಹತ್ತು ಸಲ ಬರಸೋದು. ಎರಡು, ಟ್ಯೂಷನ್ನಿಗೆ ಹಚ್ಚೋದು. ಮೂರು, ಬಾಜೂಮನಿ ಹುಡುಗಿಗೆ ಹೋಲಿಸಿ ಬೈಯೋದು. ಮೂರೂ ಮುಗದ ಮ್ಯಾಲೆ "ಇವನ ತಲಿಗೆ ಹತ್ತಂಗಿಲ್ಲ ಬಿಡ್ರಿ" ಅಂತ ಬಂದವರ ಮುಂದ, ಹುಡುಗನ ಎದುರಿಗೇ ಹೇಳೋದು. ಈ ಮಾತು ಕೇಳಿದ್ರ ನನಗ ಸಿಟ್ಟು ಬರತದ. ಒಲಿ ಹತ್ತಲಿಲ್ಲಂದ್ರ ಒಲೀಗೆ ಬೈತೀವೇನು? ಸಿಲಿಂಡರ್ ಮುಗದದೋ, ಬರ್ನರ್ ಕಟ್ಟಿಕೊಂಡದೋ ಅಂತ ನೋಡತೀವಿ. ಹುಡುಗ ಎಲ್ಲಿ ಎಡವತಾನ ಅಂತನೂ ಹಂಗ ನೋಡಬೇಕಲ್ಲ?

ಕನ್ನಡ ಓದೋದು ಸಣ್ಣ ಕೆಲಸ ಅಲ್ಲರಿ. 34 ವ್ಯಂಜನದ ಕಾಗುಣಿತ ಬರಕೋತ ಹೋದ್ರ 400 ದಾಟತದ. ಅದರ ಮ್ಯಾಲೆ ಒತ್ತಕ್ಷರ ಬ್ಯಾರೆ. 'ಸೂರ್ಯ' ಅನ್ನೋ ಶಬ್ದದಾಗ 'ರ' ಕಿವಿಗೆ ಮೊದಲ ಕೇಳತದ, ಆದ್ರ ಅರ್ಕಾವತ್ತು ಕೂಡೋದು 'ಯ' ಆದ ಮ್ಯಾಲೆ. ಬ-ಭ, ದ-ಧ ನಡುವ ಒಂದು ಸಣ್ಣ ಗೀಟಿನ ಫರಕು. ನಮಗ ರೂಢಿ ಆಗಿ ಇದ್ಯಾವುದೂ ಕಾಣಂಗಿಲ್ಲ. ಮಗುವಿಗೆ ಪ್ರತಿಯೊಂದೂ ಕಾಣತದ.

ನಮ್ಮ ಓಣಿಯ ಮೂರನೇತ್ತಾ ಹುಡುಗ ಒಬ್ಬ ಪಾಠ ಪಟಪಟ ಒಪ್ಪಸತಿದ್ದ. ಚಿತ್ರ ಮುಚ್ಚಿ ನಡುವಿನ ಒಂದು ಶಬ್ದದ ಮ್ಯಾಲೆ ಬೆರಳಿಟ್ಟೆ, ಬಾಯಿ ಕಟ್ಟಿತು. ಅವಂದು ಓದು ಅಲ್ಲ, ಬಾಯಿಪಾಠ. ಇನ್ನೊಬ್ಬಾಕಿ 'ಮನೆಯಲ್ಲಿ' ಅಂತ ಬರದಿದ್ದನ್ನ 'ಮನ್ಯಾಗ' ಅಂತ ಓದಿದಳು. ಅವರವ್ವ ಗದರಿದಳು. ನಾನಂತೀನಿ, ಆಕಿಗೆ ಅರ್ಥ ಆಗೇದ, ಅದಕ್ಕ ನಮ್ಮ ಮಾತಿನೊಳಗ ಹೇಳಿದಳು. "ಶಾಣ್ಯಾ ಇದ್ದಿ, ಈಗ ಪುಸ್ತಕದಾಗ ಹೆಂಗ ಬರದದ ನೋಡೋಣ" ಅಂದ್ರ ಸಾಕು. ಇಬ್ಬರದೂ ತ್ರಾಸು ಬ್ಯಾರೆ ಬ್ಯಾರೆ. ಹತ್ತು ಸಲ ಬರಸೋ ಔಷಧ ಇಬ್ಬರಿಗೂ ನಾಟಂಗಿಲ್ಲ.

ಮನ್ಯಾಗ ನಾವು ಮಾಡಬೇಕಾದದ್ದು ಮೊದಲ ಕಿವಿಯ ಕೆಲಸ. ಕಾಯಿಪಲ್ಯ ಸೋಸಕೋತ "ಬ ಅಕ್ಷರದಿಂದ ಶುರು ಆಗೋದು ಯಾವುದು?" ಅಂತ ಕೇಳ್ರಿ. ಬದನಿಕಾಯಿ ಅಂತಾನ, ಬೆಂಡಿಕಾಯಿ ಅಂತಾನ. ಆಮ್ಯಾಲೆ "ಬದನಿ ಒಳಗಿನ ಬ ತಗದ್ರ ಏನು ಉಳೀತು?" ಅನ್ರಿ. ಶಬ್ದ ಒಡದು ಕೂಡಸೋದು ಕಿವಿಗೆ ಬಂದ್ರ ಕಣ್ಣಿಗೆ ಹಗರ ಆಗತದ.

ಆಮ್ಯಾಲೆ ಅಕ್ಷರ. ಅ ಆ ಇ ಈ ಇಂದನ ಶುರು ಆಗಬೇಕು ಅಂತೇನಿಲ್ಲ. 1995ರಾಗ ಎಚ್.ಡಿ. ಕೋಟೆ ತಾಲೂಕಿನ ಸರ್ಕಾರಿ ಸಾಲಿಗಳೊಳಗ ಶುರುವಾದ ನಲಿ-ಕಲಿ ಪದ್ಧತಿಯೊಳಗ ಮೊದಲ ಕಲಸೋದು ರ, ಗ, ಸ, ದ, ಅ. ಐದ ಅಕ್ಷರ! ಅಷ್ಟರಾಗ ಸರ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. ಕಾಗುಣಿತ ಬ್ಯಾಡ, ಒತ್ತು ಬ್ಯಾಡ. ಮೊದಲನೇ ವಾರದಾಗ "ನನಗೂ ಓದ್ಲಿಕ್ಕೆ ಬರತದ" ಅನ್ನೋ ಧೈರ್ಯ ಬಂತಂದ್ರ ಮುಂದಿನ ದಾರಿ ಅರ್ಧ ಮುಗೀತು.

ದಿನಾ ಹದಿನೈದು ನಿಮಿಷ, ಸಾಲಿನ ಕೆಳಗ ಬೆರಳು ಸರಿಸಿಕೋತ ಒಂದು ಕಥಿ ನೀವು ಓದಿ ಹೇಳ್ರಿ. ಪ್ರಶ್ನಿ ಇಲ್ಲ, ಪರೀಕ್ಷಾ ಇಲ್ಲ. ಓದೋದ್ರಾಗ ಸುಖ ಅದ ಅಂತ ಒಮ್ಮೆಯಾದ್ರೂ ಗೊತ್ತಾಗದ ಮಗು ಅದಕ್ಕ ಯಾಕ ಕಷ್ಟಪಡಬೇಕು?

ಇಷ್ಟು ಮಾಡಿದ ಮ್ಯಾಲೂ ವರ್ಷಗಟ್ಟಲೆ ಅಕ್ಷರ ನಿಲ್ಲಲಿಲ್ಲಂದ್ರ ಮೊದಲ ಕಣ್ಣು, ಕಿವಿ ತೋರಸ್ರಿ. ಅವು ನೆಟ್ಟಗಿದ್ರ ಡಿಸ್ಲೆಕ್ಸಿಯಾ ಇರಬಹುದು. ಅದು ಬುದ್ಧಿ ಕಡಿಮಿ ಅಂತಲ್ಲ, ಮೈಗಳ್ಳತನನೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಾಗ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯೊಳಗ ಇದನ್ನ ಪರೀಕ್ಷಾ ಮಾಡತಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗ ಕಲಿಕಾ ನ್ಯೂನತೆನೂ ಸೇರೇದ. ಸರ್ಟಿಫಿಕೇಟ್ ಇದ್ರ ಎಸ್ಸೆಸ್ಸೆಲ್ಸಿ ಪರೀಕ್ಷಾದಾಗ ಹೆಚ್ಚಿನ ಟೈಮ್ ಕೇಳಬಹುದು. "ಮಂದಿ ಏನಂತಾರೋ" ಅಂತ ಮುಚ್ಚಿಟ್ಟವರ ಮಕ್ಕಳು ಹತ್ತು ವರ್ಷ ದಡ್ಡ ಅನ್ನಿಸಿಕೋತ ಕೂಡತಾವ. ಮಂದಿ ಮಾತಿಗಿಂತ ಆ ಮಗುವಿನ ಹತ್ತು ವರ್ಷ ದೊಡ್ಡವಲ್ಲೇನು?

ಇವತ್ತ ಸಂಜಿಗೆ ಕಾಪಿ ಬರಸೋದು ಬಿಟ್ಟು ಬಾಜೂಕ ಕೂತು ನೋಡ್ರಿ. ಯಾವ ಅಕ್ಷರಕ್ಕ ನಿಲ್ಲತಾನ, ಯಾವ ಒತ್ತಿಗೆ ತಡವರಸತಾನ, ಒಂದು ಚೀಟಿಯೊಳಗ ಬರಕೋರಿ. ನಾಳೆ ಟೀಚರ್ ಹತ್ರ ಹೋಗೋವಾಗ ದೂರು ಒಯ್ಯಬ್ಯಾಡ್ರಿ, ಆ ಚೀಟಿ ಒಯ್ಯಿರಿ.