ಕ್ರಿಸ್ಟಲ್ ಅಜ್ಜಿಯ ನೆನಪು

ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಯಾವ ಊರಿಗೆ ಹೋದರೂ ನಾಯಿಯಿಲ್ಲದ ಬೀದಿ ಸಿಗುವುದಿಲ್ಲ. ರಾಗಿ ಹೊಲಕ್ಕೆ ನುಗ್ಗುವ ಹಂದಿಯನ್ನು ಬೊಗಳಿ ಓಡಿಸುವುದೂ ಅದೇ, ಅಪರಾತ್ರಿಯಲ್ಲಿ ಯಾರಾದರೂ ಬಂದರೆ ಮನೆಯವರನ್ನು ಎಬ್ಬಿಸುವುದೂ ಅದೇ. ಅದರ ಹೊಟ್ಟೆಯ ಚಿಂತೆ ಮಾತ್ರ ಹೆಚ್ಚಾಗಿ ಮನೆಯ ಅಜ್ಜಿಯದು. ಎಲ್ಲರೂ ಉಂಡ ಮೇಲೆ ಉಳಿದ ಮುದ್ದೆಯ ತುಣುಕು ಹಿಡಿದು ಹಿತ್ತಲಿಗೆ ಹೋಗುವ ಅಜ್ಜಿಯನ್ನು ಯಾರು ಕಂಡಿಲ್ಲ? "ನಿನ್ನಿಂದಲೇ ಬೀದಿನಾಯಿಗಳೆಲ್ಲ ಇಲ್ಲಿ ಬಂದು ಸೇರುತ್ತವೆ" ಎಂದು ಅವಳನ್ನು ಗದರುವವರೂ ಉಂಟು. ಇಬ್ಬರ ಮಾತಿನಲ್ಲೂ ಹುರುಳಿದೆ. ಹಸಿದ ಪ್ರಾಣಿಯನ್ನು ಕಂಡರೆ ಕರುಳು ಚುರುಕ್ ಎನ್ನುತ್ತದೆ. ಶಾಲೆಗೆ ನಡೆದುಹೋಗುವ ಮಗುವಿಗೆ ನಾಯಿ ಕಚ್ಚಿದರೆ ಜೀವವೇ ಬಾಯಿಗೆ ಬರುತ್ತದೆ.

ಈ ಎರಡರ ನಡುವೆ ದಾರಿ ಹುಡುಕುವಾಗ ಒಬ್ಬ ಅಜ್ಜಿಯನ್ನು ನೆನೆಯುವುದು ಒಳ್ಳೆಯದು. ಆಕೆಯ ಹೆಸರು ಕ್ರಿಸ್ಟಲ್ ರೋಜರ್ಸ್. 1906ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. 1959ರಲ್ಲಿ ಭಾರತಕ್ಕೆ ಬಂದಾಗ ಇಲ್ಲೇ ನೆಲೆಸುವ ಯೋಚನೆ ಅವರಿಗಿರಲಿಲ್ಲ. ಅವರು ಹೊರಟಿದ್ದು ನ್ಯೂಜಿಲೆಂಡಿಗೆ. ದಾರಿಯಲ್ಲಿ ಒಂದು ಕುದುರೆ ಸಾಯುತ್ತಾ ಬಿದ್ದಿತ್ತು. ಇನ್ನೂ ಜೀವವಿದ್ದ ಆ ಪ್ರಾಣಿಯನ್ನು ಕಾಗೆಗಳು ಕುಕ್ಕುತ್ತಿದ್ದವು. ಆ ನೋಟ ಅವರ ಪ್ರಯಾಣವನ್ನೇ ನಿಲ್ಲಿಸಿತು. ನ್ಯೂಜಿಲೆಂಡಿಗೆ ಹೋಗಬೇಕಾದವರು ಈ ನೆಲದಲ್ಲೇ ಉಳಿದರು.

ಆಗ ಅವರಿಗೆ ಐವತ್ತಮೂರು ವರ್ಷ. ದೆಹಲಿಯಲ್ಲಿ 'ದಿ ಅನಿಮಲ್ಸ್ ಫ್ರೆಂಡ್' ಎಂಬ ಆಸರೆಯನ್ನು ಕಟ್ಟಿದರು. 1980ರಲ್ಲಿ ಜೈಪುರದಲ್ಲಿ 'ಹೆಲ್ಪ್ ಇನ್ ಸಫರಿಂಗ್' ಸಂಸ್ಥೆಯನ್ನು ಆರಂಭಿಸಿದಾಗ ವಯಸ್ಸು ಎಪ್ಪತ್ತು ದಾಟಿತ್ತು. ಆಮೇಲೆ ನಮ್ಮ ಪಕ್ಕದ ಬೆಂಗಳೂರಿಗೆ ಬಂದು, 1991ರಲ್ಲಿ 'ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆಕ್ಷನ್' ಎಂಬ ಸಂಸ್ಥೆಗೆ ಅಡಿಪಾಯ ಹಾಕಿದರು. ಜನ ಅದನ್ನು 'ಕ್ಯೂಪಾ' ಎಂದೇ ಬಲ್ಲರು. ಆಗ ಅವರಿಗೆ ಹೆಚ್ಚುಕಡಿಮೆ ಎಂಬತ್ತೈದು! ಅರವತ್ತು ದಾಟಿದರೆ "ಇನ್ನು ನಮ್ಮದೇನಿದೆ, ಎಲ್ಲಾ ಮಕ್ಕಳದು" ಎಂದು ಮೂಲೆ ಹಿಡಿಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

1996ರಲ್ಲಿ ಅವರು ತೀರಿಕೊಂಡರು. ಅವರ ಬದುಕಿನ ಕಥೆ 2000ದಲ್ಲಿ ಪುಸ್ತಕವಾಗಿ ಬಂತು. ಆದರೆ ಅವರ ನಿಜವಾದ ಆಸ್ತಿ, ಅವರು ಹಚ್ಚಿದ ಕೆಲಸವನ್ನು ಮುಂದುವರಿಸಿದ ಕೈಗಳು. ತಮ್ಮ ನಂತರವೂ ನಡೆಯುವಂತೆ ಇನ್ನೊಬ್ಬರಿಗೆ ಕೆಲಸ ಕಲಿಸಿ ಹೋಗುವವರು ಎಷ್ಟು ಜನ?

ಜೈಪುರದಲ್ಲಿ ಮುಂದೆ ಏನಾಯಿತು ಎಂಬುದನ್ನು ನಮ್ಮ ಕುಟುಂಬಗಳು ತಿಳಿಯಲೇಬೇಕು. ಕ್ರಿಸ್ಟಲ್ ಅಜ್ಜಿ ಆರಂಭಿಸಿದ ಆ ಸಂಸ್ಥೆ 1994ರ ನವೆಂಬರಿನಲ್ಲಿ ಬೀದಿನಾಯಿಗಳನ್ನು ಹಿಡಿದು, ಮರಿ ಹಾಕದಂತೆ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಚುಚ್ಚಿ, ಹಿಡಿದ ಬೀದಿಯಲ್ಲೇ ಮತ್ತೆ ಬಿಡುವ ಕೆಲಸಕ್ಕೆ ಕೈ ಹಾಕಿತು. 2002ರ ಕೊನೆಯ ಹೊತ್ತಿಗೆ ಹೀಗೆ ಹಿಡಿದ ನಾಯಿಗಳು 24,986. ಕೆಲಸ ನಡೆದ ಪ್ರದೇಶದಲ್ಲಿ ನಾಯಿಗಳ ಸಂಖ್ಯೆ ಶೇಕಡಾ 28ರಷ್ಟು ಇಳಿಯಿತು. ಅಲ್ಲಿ ಮನುಷ್ಯರಿಗೆ ರೇಬೀಸ್ ತಗಲುವುದು ಸೊನ್ನೆಗೆ ಬಂತು. ಒಂದೇ ಒಂದು ನಾಯಿಗೂ ವಿಷ ಹಾಕದೆ ಮಕ್ಕಳ ಪ್ರಾಣ ಉಳಿಯಿತು. ನಾಯಿಯ ಮೇಲಿನ ಕರುಣೆಯೂ ಮಗುವಿನ ಮೇಲಿನ ಅಕ್ಕರೆಯೂ ಒಂದಕ್ಕೊಂದು ಶತ್ರುಗಳಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಬೀದಿನಾಯಿಗಳ ಜಗಳ 2025ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಲಸಿಕೆ, ಶಸ್ತ್ರಚಿಕಿತ್ಸೆ ಆದ ನಾಯಿಗಳನ್ನು ಅವುಗಳ ಜಾಗದಲ್ಲೇ ಬಿಡಬೇಕು, ರೇಬೀಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಬಿಡಬಾರದು, ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಆಹಾರ ಹಾಕಬೇಕು ಎಂದು ಆ ವರ್ಷದ ಆಗಸ್ಟ್ 22ರ ಆದೇಶದಲ್ಲಿ ಹೇಳಲಾಯಿತು. ಕೋರ್ಟು ಆದೇಶ ಕೊಡಬಹುದು. ಆದರೆ ಬೀದಿಯಲ್ಲಿ ಬದುಕುವವರು ನಾವು. ನಮ್ಮ ಪಾಲಿನ ಕೆಲಸವೂ ಇದೆ.

ಮೊದಲನೆಯದಾಗಿ, ಮನೆಯ ನಾಯಿಗೆ ವರ್ಷ ವರ್ಷವೂ ತಪ್ಪದೆ ಲಸಿಕೆ ಹಾಕಿಸೋಣ. ಮರಿಗಳನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವ ಕೆಟ್ಟ ಪದ್ಧತಿ ನಿಲ್ಲಲಿ. ಅದರ ಬದಲು ತಾಯಿನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಮೇಲು. ಬೀದಿನಾಯಿಗೆ ಅನ್ನ ಹಾಕುವ ಅಜ್ಜಿಯನ್ನು ಗದರದೆ, ಮಕ್ಕಳು ಆಡುವ ಜಾಗದಿಂದ, ಬಾಗಿಲು ಮೆಟ್ಟಿಲುಗಳಿಂದ ದೂರದಲ್ಲಿ ಹಾಕುವಂತೆ ತಿಳಿಹೇಳಿ. ಲಸಿಕೆ ಹಾಕಿಸಲು ಯುವಕರು ಅವರ ಜೊತೆ ನಿಲ್ಲಲಿ. ಅವರು ಕರೆದರೆ ಬರುವ ನಾಯಿ, ಬಲೆ ಹಿಡಿದು ಬಂದವರಿಗೆ ಸಿಗುವುದಿಲ್ಲ!

ಎರಡನೆಯದು ಪ್ರಾಣದ ಮಾತು. ನಾಯಿ ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಸೊಪ್ಪಿನ ರಸ ಹಚ್ಚುವುದು ಬೇಡ. ತಡಮಾಡದೆ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟು ಚುಚ್ಚುಮದ್ದನ್ನೂ ಮುಗಿಸಬೇಕು. ಎರಡು ಹಾಕಿಸಿ "ಗಾಯ ಮಾಯಿತು" ಎಂದು ಬಿಡುವಂತಿಲ್ಲ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿದರೆ ಉಳಿಸುವ ಮದ್ದಿಲ್ಲ. ಬೈಗುಳಕ್ಕೆ ಹೆದರಿ ಕಚ್ಚಿದ್ದನ್ನು ಮುಚ್ಚಿಡುವ ಮಕ್ಕಳಿದ್ದಾರೆ. "ಏನಾದರೂ ನಮಗೆ ಹೇಳು, ಬೈಯುವುದಿಲ್ಲ" ಎಂದು ಇಂದೇ ಅವರಿಗೆ ಧೈರ್ಯ ಕೊಡಿ.

ನವೆಂಬರಿನಲ್ಲಿ ನಮ್ಮ ಹಿರಿಯರ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಹಚ್ಚಿದ ಬತ್ತಿ ಅಂದೇ ಕರಗುತ್ತದೆ. ಅವರು ದಿನವೂ ಮಾಡುತ್ತಿದ್ದ ಸಣ್ಣ ಕೆಲಸವೊಂದನ್ನು, ಒಂದು ತುತ್ತು ಹಾಕುವುದೋ, ನೆರೆಮನೆಯ ರೋಗಿಯನ್ನು ನೋಡಿಬರುವುದೋ, ಮನೆಯಲ್ಲಿ ಯಾರಾದರೊಬ್ಬರು ಕೈಗೆತ್ತಿಕೊಂಡರೆ ಆ ನೆನಪು ವರ್ಷವಿಡೀ ಉಳಿಯುತ್ತದೆ. ನಿಮ್ಮ ಮನೆಯಲ್ಲಿ ಅದು ಯಾವ ಕೆಲಸ? ಇಂದು ರಾತ್ರಿ ಊಟಕ್ಕೆ ಕೂತಾಗ ಮಕ್ಕಳೊಂದಿಗೆ ಮಾತಾಡಿ ನೋಡಿ.